ನೀತಿ ಪಾಠ, ಮೂರು ಹತ್ತಕ್ಕೆ

ಸುತ್ತೋಲೆ ಬಂದಿದೆ. ಗುರುವಾರಕ್ಕೊಂದು ಪಿರಿಯಡ್,
ನಾಲ್ಕನೇ ತರಗತಿಗೆ ಎಲ್ಲ ಧರ್ಮಗಳ ಸಾರ.
ಓಂಕಾರಪ್ಪ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅಂದರು:
"ಯಾವ ದೇವರ ಹೆಸರೂ ಹೆಚ್ಚಾಗಬಾರದು ಮೇಡಂ,
ಕಮ್ಮಿಯೂ ಆಗಬಾರದು. ಅರಸಾಳು ಸಣ್ಣ ಊರು."
ಹಾಗಾಗಿ ಮೂರು ಧರ್ಮಕ್ಕೆ ಹತ್ತತ್ತು ನಿಮಿಷ,
ಉಳಿದ ಐದು ನಿಮಿಷ
ಬಾಗಿಲಲ್ಲಿ ಚಪ್ಪಲಿ ಜೋಡಿಸಲಿಕ್ಕೆ.

ಆದರೆ ನಮ್ಮಲ್ಲಿ ಧರ್ಮದ ಪಾಠ
ಮಧ್ಯಾಹ್ನದ ಊಟಕ್ಕೇ ಮುಗಿದಿರುತ್ತದೆ.
ಉದ್ದನೆ ರಿಜಿಸ್ಟರ್, ಎರಡು ಕಾಲಂ:
ಮೊಟ್ಟೆ. ಬಾಳೆಹಣ್ಣು.
ನಡುವಿನ ಗೆರೆ ಕೆಂಪು ಶಾಯಿಯದು,
ಸ್ಕೇಲಿಟ್ಟು ನಾನೇ ಎಳೆದದ್ದು.
ಜೂನ್‌ನಲ್ಲಿ ಅಪ್ಪ ಅಮ್ಮ ಬಂದು ಸಹಿ ಹಾಕಿ ಹೋದರು.
ಅಂದಿನಿಂದ ಮಕ್ಕಳು ಜಗಲಿಯಲ್ಲಿ
ಗೆರೆ ಇದ್ದ ಹಾಗೇ ಕೂರುತ್ತಾರೆ, ಆ ಕಡೆ, ಈ ಕಡೆ.
ಯಾರೂ ಕೂರಿಸಿದ್ದಲ್ಲ.

ಇವತ್ತು ಮೋಟರ್ ಬಂದ್ ಮಾಡಲು ಹೋದವಳು
ನೀರಿನ ಟ್ಯಾಂಕಿನ ಹಿಂದೆ ನೋಡಿದೆ:
ಫಿರ್ದೋಸ್, ಮರುಳಸಿದ್ಧ,
ಕುಕ್ಕರಗಾಲಲ್ಲಿ ಎದುರುಬದುರು.
ಲಂಗದ ಅಂಚಿನಿಂದ ಎಳೆದ ದಾರದಲ್ಲಿ
ಮೊಟ್ಟೆ ಸೀಳಿದ್ದಾಳೆ ಹುಡುಗಿ.
ಅರ್ಧ ಅವನಿಗೆ, ಬಾಳೆಹಣ್ಣಿನ ದಪ್ಪ ತುದಿ ಇವಳಿಗೆ.
ಸಂತೆಯಲ್ಲೂ ಇಷ್ಟು ಚೊಕ್ಕ ತೂಕ ಕಂಡಿಲ್ಲ ನಾನು.
ಅವನು ಕಣ್ಣು ಮುಚ್ಚಿ, ಬಲು ನಿಧಾನ, ಅಗಿಯುತ್ತಿದ್ದ.

ಸ್ವಿಚ್ಚು ಮುಟ್ಟದೆ ವಾಪಸಾದೆ.
ಟ್ಯಾಂಕು ತುಂಬಿ ಅಂಗಳವೆಲ್ಲ ಹರಿಯಿತು.
"ಮರೆತೆ ಸಾರ್" ಎಂದೆ ಓಂಕಾರಪ್ಪನವರಿಗೆ.
ಅದು ಇವತ್ತಿನ ಮೊದಲ ಸುಳ್ಳು.
ಎರಡನೆಯದು ರಿಜಿಸ್ಟರಿನಲ್ಲಿದೆ, ದುಂಡು ಅಕ್ಷರದಲ್ಲಿ:
ಮರುಳಸಿದ್ಧ, ಬಾಳೆಹಣ್ಣು, ಒಂದು.

ಮೂರು ಹತ್ತಕ್ಕೆ ಬೋರ್ಡಿನ ಮೇಲೆ
'ಸತ್ಯ' ಎಂದು ಬರೆದೆ. ಕೈಪಿಡಿಯ ಮೊದಲ ಪಾಠ.
ಯ-ಒತ್ತು ಎಳೆಯುವಾಗ ಸೀಮೆಸುಣ್ಣ ಮುರಿಯಿತು.
ಕತೆ ಮೂರಿವೆ: ಒಬ್ಬ ರಾಜ, ಒಬ್ಬ ವ್ಯಾಪಾರಿ, ಒಬ್ಬ ಬೆಸ್ತ.
ಮೂವರೂ ನಿಜ ಹೇಳುತ್ತಾರೆ,
ಮೂವರಿಗೂ ಕೊನೆಗೆ ಬಹುಮಾನ.

ನಾಲ್ಕನೇ ಸಾಲಿನಿಂದ ಮರುಳಸಿದ್ಧ ನನ್ನನ್ನೇ ನೋಡುತ್ತಿದ್ದ,
ತುಟಿಯಂಚಿನಲ್ಲಿ ಹಳದಿ ಪುಡಿ.
ಆಚೆ ಬೆಂಚಿನಿಂದ ಫಿರ್ದೋಸ್
ತನ್ನ ತುಟಿ ತಾನೇ ಒರೆಸಿಕೊಂಡು ತೋರಿಸುತ್ತಿದ್ದಾಳೆ,
ಮತ್ತೆ, ಮತ್ತೆ. ಪೆದ್ದನಿಗೆ ಅರ್ಥವಾಗದು.

ಕೈಪಿಡಿ ಮುಚ್ಚಿದೆ.
"ನಿಮ್ಮಷ್ಟೇ ಇದ್ದೆ. ನಾಗರ ಪಂಚಮಿ.
ನೈವೇದ್ಯಕ್ಕೆಂದು ಅಜ್ಜಿ ಅರಿಶಿನ ಎಲೆಯ ಕಡುಬು ಮುಚ್ಚಿಟ್ಟಿದ್ದಳು.
ದೇವರಿಗಿಂತ ಮೊದಲು ನಾನು ತಿಂದೆ.
ಕೇಳಿದಾಗ, ಬೆಕ್ಕು ಅಂದೆ.
ಅಜ್ಜಿ ಪೊರಕೆ ತಗೊಂಡು ಬೆಕ್ಕಿಗೆ ಹೊಡೆದಳು.
ಅದು ಅಕ್ಕಿ ಡಬ್ಬದ ಹಿಂದೆ ನುಗ್ಗಿ
ನನ್ನ ಕಡೆ ನೋಡಿತು.
ನನ್ನ ಬಾಯಲ್ಲಿ ಇನ್ನೂ ಬೆಲ್ಲ ಇತ್ತು."

"ದೇವರಿಗೆ ಗೊತ್ತಾಯ್ತಾ?" ಮುಂದಿನ ಬೆಂಚಿನ ಐವನ್.
ಗೊತ್ತಾಗಿರಬೇಕು.
"ಅಜ್ಜಿಗೆ?"
ಇಲ್ಲ.
ಯಾರೋ ಕಿಸಕ್ಕೆಂದರು.
ತಾಳಗುಪ್ಪದ ರೈಲು ಹಾದುಹೋಯಿತು,
ಕಿಟಕಿಯ ಸರಳು ಗುಂಯ್‌ಗುಟ್ಟಿ ನಿಲ್ಲುವವರೆಗೆ ಕಾದೆ.

ಆಗ ಮರುಳಸಿದ್ಧ ಎದ್ದು ನಿಂತ, ಕೈಕಟ್ಟಿಕೊಂಡು.
"ಆಮೇಲೆ ಬೆಕ್ಕಿಗೆ ಎಂತ ಕೊಟ್ರಿ ಟೀಚರ್?"

ಮೂವತ್ತೊಂಬತ್ತು ವರ್ಷ.
ಟಿಸಿಎಚ್ ಓದಿದ್ದೇನೆ, ಮೂರು ತರಬೇತಿ ಶಿಬಿರ,
ಮೌಲ್ಯ ಶಿಕ್ಷಣಕ್ಕೆ ಶಿಕಾರಿಪುರದಲ್ಲಿ ಕೊಟ್ಟ
ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದ್ದೇನೆ.
ಪಾಪದ ಬಗ್ಗೆ ಕೇಳಿದವರುಂಟು,
ಅಜ್ಜಿಯ ಬಗ್ಗೆ, ಕಡುಬಿನ ರುಚಿಯ ಬಗ್ಗೆಯೂ.
ಬೆಕ್ಕಿನ ಬಗ್ಗೆ ಯಾರೂ ಕೇಳಿರಲಿಲ್ಲ.
ನಾನೂ.

"ಏನೂ ಕೊಡಲಿಲ್ಲ ಕಣೋ."

ಅವನು ಕೂತ.
ಮಗ್ಗಿ ತಪ್ಪಿದ ಮಗುವನ್ನು ನಾನು ಹೇಗೆ ನೋಡುತ್ತೇನೋ
ಹಾಗೆ ನನ್ನನ್ನು ನೋಡಿ,
ಬೈಯದೆ.

ಗಂಟೆ ಹೊಡೆಯಿತು. ಗದ್ದಲದಲ್ಲಿ ಫಿರ್ದೋಸ್
ಸ್ಕಾರ್ಫಿನ ತುದಿ ಎಂಜಲು ಮಾಡಿ
ಅವನ ತುಟಿಯಂಚನ್ನು ಒಮ್ಮೆ ಬಲವಾಗಿ ಉಜ್ಜಿದಳು,
ತಮ್ಮನಿಗೆ ಉಜ್ಜುವ ಹಾಗೆ. ಅವನು ಕೊಸರಾಡಿದ.

ಮೂರು ಧರ್ಮದ ಹತ್ತತ್ತು ನಿಮಿಷ
ಹಾಗೇ ಬಾಕಿ ಉಳಿದಿದೆ. ಮುಂದಿನ ಗುರುವಾರ ನೋಡೋಣ.
ಚಪ್ಪಲಿ ಮಾತ್ರ ಜೋಡಿಸಿದ್ದೆವು.